ಆರ್ಕಿಡ್‌ಗೆ ಹೆಸರು ಬದಲಾದರೆ ಹಳೆಯ ಚೀಟಿ ಏನಾಗಬೇಕು?

ಬೆಂಗಳೂರಿನ 'ನಮ್ಮ ಮೆಟ್ರೊ' ನೇರಳೆ ಮಾರ್ಗದ ಪೂರ್ವ ತುದಿಯ ನಿಲ್ದಾಣದ ಹೆಸರು 'ವೈಟ್‌ಫೀಲ್ಡ್ (ಕಾಡುಗೋಡಿ)'. 2023ರ ಮಾರ್ಚ್‌ನಲ್ಲಿ ನಿಲ್ದಾಣ ತೆರೆದಾಗ ಫಲಕ ಬರೆಸಿದವರು ಎರಡರಲ್ಲಿ ಒಂದು ಹೆಸರನ್ನು ಅಳಿಸುವ ಗೋಜಿಗೆ ಹೋಗಲಿಲ್ಲ. ಕಾಡುಗೋಡಿ ಹಳೆಯ ಊರು. ವೈಟ್‌ಫೀಲ್ಡ್ ಎಂಬುದು 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ನರ ವಸಾಹತಿಗೆ ಜಮೀನು ಕೊಟ್ಟ ಮೇಲೆ, ವಸಾಹತಿನ ಮುಂದಾಳು ಡಿ.ಎಸ್. ವೈಟ್ ಅವರಿಂದ ಬಂದ ಹೆಸರು. ನಗರದ ಇನ್ನೊಂದು ಮೂಲೆಯ ಎಲೆಕ್ಟ್ರಾನಿಕ್ ಸಿಟಿಯ ಒಡಲಲ್ಲೂ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳೆಯ ಹೆಸರುಗಳು ಬದುಕಿವೆ. ಅಂಚೆಯವರಿಗೂ ಆಟೋದವರಿಗೂ ಇದರಿಂದ ತೊಂದರೆಯಾದಂತಿಲ್ಲ.

ಆದರೆ ಇದೇ ಬಡಾವಣೆಗಳ ಬಹುಮಹಡಿ ಮನೆಗಳ ಬಾಲ್ಕನಿಯಲ್ಲಿ ಆರ್ಕಿಡ್ ಬೆಳೆಸುವ ಹವ್ಯಾಸಿಗಳು ಹೆಸರಿನ ವಿಷಯದಲ್ಲಿ ಅಷ್ಟು ನಿಶ್ಚಿಂತರಾಗಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಹವೆ ಅನೇಕ ಆರ್ಕಿಡ್‌ಗಳಿಗೆ ಒಗ್ಗುತ್ತದೆ. ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆ ತುಂಬಿದ ಬುಟ್ಟಿಯೊಂದನ್ನು ಬೆಳಗಿನ ಬಿಸಿಲು ಬೀಳುವ ಕಡೆ ತೂಗುಹಾಕಿದರೆ ಗಿಡ ಹೇಗೋ ಹೊಂದಿಕೊಳ್ಳುತ್ತದೆ. ತಲೆನೋವು ಇರುವುದು ಬುಟ್ಟಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಟಿಯಲ್ಲಿ. ಹದಿನೈದು ವರ್ಷದ ಹಿಂದೆ 'ಅಸ್ಕೋಸೆಂಡ' ಎಂದು ಕೊಂಡದ್ದು ಈಗ 'ವಾಂಡ' ಆಗಿದೆ. 'ಡೋರಿಟೆನಾಪ್ಸಿಸ್' ಎಂದು ಬಂದದ್ದು ಕಚೇರಿಗಳ ಸ್ವಾಗತದ ಮೇಜಿನ ಮೇಲೆ ಕಾಣುವ 'ಫಲೆನಾಪ್ಸಿಸ್'ನೊಳಗೆ ಸೇರಿಹೋಗಿದೆ. ಹೂವಿನ ಅಂಗಡಿಯವರು ಇಂದಿಗೂ 'ಮೊಕಾರ' ಎನ್ನುವ ಕೊಯ್ಲು ಹೂವನ್ನು ನೋಂದಣಿಯ ಲೆಕ್ಕದಲ್ಲಿ 'ಅರಾಂಡ' ಎನ್ನಬೇಕು. ಗಿಡ ಮಾತ್ರ ಅದೇ, ಹೂವೂ ಅದೇ. ಹಾಗಾದರೆ ಮೊದಲಿನ ಹೆಸರು ತಪ್ಪಾಗಿತ್ತೆ? ಹಳೆಯ ಚೀಟಿಯನ್ನು ಕಿತ್ತೆಸೆಯಬೇಕೆ?

ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಈ ಗೊಂದಲದ ಬೇರು ಇರುವುದು ಪಶ್ಚಿಮ ಕರಾವಳಿಯಲ್ಲಿಯೇ.

ಹದಿನೇಳನೆಯ ಶತಮಾನದಲ್ಲಿ ಮಲಬಾರಿನ ಡಚ್ ಆಡಳಿತಗಾರನಾಗಿದ್ದ ಹೆಂಡ್ರಿಕ್ ವಾನ್ ರೀಡ್ ಕೊಚ್ಚಿಯಲ್ಲಿ ಕುಳಿತು 'ಹೋರ್ಟಸ್ ಮಲಬಾರಿಕಸ್' ಎಂಬ ಬೃಹತ್ ಸಸ್ಯಗ್ರಂಥವನ್ನು ಸಿದ್ಧಪಡಿಸಿದ. ನೆರವಾದವರು ವೈದ್ಯ ಇಟ್ಟಿ ಅಚ್ಯುತನ್ ಹಾಗೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ಈ ಗ್ರಂಥದ ಕೊನೆಯ ಸಂಪುಟದಲ್ಲಿ ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳ ಚಿತ್ರಗಳಿವೆ. ಅಲ್ಲಿನ ಹೆಸರುಗಳೇ ಸ್ವಾರಸ್ಯ: 'ಆಂಜಿಲಿ ಮರವಾರ', 'ಕಾಂಜಿರಂ ಮರವಾರ'. ಆಂಜಿಲಿ ಎಂದರೆ ಕನ್ನಡದ ಹೆಬ್ಬಲಸು. ಕಾಂಜಿರಂ ಎಂದರೆ ಕಾಸರಕ. ಯಾವ ಮರದ ಮೇಲೆ ಕಂಡಿತೋ ಆ ಮರದ ಹೆಸರೇ ಗಿಡಕ್ಕೆ ಮುಂದಿನ ಪದ. ಹುಡುಕಿಕೊಂಡು ಹೋಗುವವನಿಗೆ ಇದಕ್ಕಿಂತ ಉಪಯುಕ್ತವಾದ ನಾಮಕರಣ ಇನ್ನೊಂದಿಲ್ಲ!

1753ರಲ್ಲಿ ಸ್ವೀಡನ್ನಿನ ಲಿನೇಯಸ್ ಜಗತ್ತಿನ ಸಸ್ಯಗಳಿಗೆಲ್ಲ ಎರಡೆರಡು ಪದಗಳ ಹೆಸರಿಟ್ಟು ಪುಸ್ತಕ ಹೊರತಂದಾಗ ಮಲಬಾರಿನ ಈ ಗಿಡಗಳನ್ನು ಕಣ್ಣಾರೆ ನೋಡುವ ಅವಕಾಶ ಅವನಿಗಿರಲಿಲ್ಲ. ರೀಡ್‌ನ ಚಿತ್ರಗಳೇ ಆಧಾರ. ಮರದ ಮೇಲಿನ ಆರ್ಕಿಡ್‌ಗಳನ್ನೆಲ್ಲ ಆತ 'ಎಪಿಡೆಂಡ್ರಮ್' ಎಂಬ ಒಂದೇ ಚೀಲಕ್ಕೆ ತುಂಬಿದ. ಆ ಪದಕ್ಕೆ 'ಮರದ ಮೇಲಿನದು' ಎಂದಷ್ಟೇ ಅರ್ಥ. ಆಂಜಿಲಿ ಮರವಾರ 'ಎಪಿಡೆಂಡ್ರಮ್ ರೆಟೂಸಮ್' ಆಯಿತು, ಕಾಂಜಿರಂ ಮರವಾರ 'ಎಪಿಡೆಂಡ್ರಮ್ ಅಲೋಯಿಫೋಲಿಯಮ್' ಆಯಿತು. ಮೊದಲನೆಯದು ಮತ್ತಾವುದೂ ಅಲ್ಲ, ಮಲೆನಾಡಿನಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಗೊಂಚಲು ಇಳಿಬಿಡುವ ಸೀತಾಳೆ ದಂಡೆ. ಅಸ್ಸಾಮಿನಲ್ಲಿ ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳು ಮುಡಿಯುವ 'ಕೊಪೌ' ಹೂ. 1825ರಲ್ಲಿ ಡಚ್ ಸಸ್ಯಶಾಸ್ತ್ರಜ್ಞ ಬ್ಲೂಮ್ 'ರಿಂಕೋಸ್ಟೈಲಿಸ್' ಎಂಬ ಹೊಸ ಕುಲವನ್ನು ಕಟ್ಟಿದ. ಸೀತಾಳೆ ದಂಡೆಯ ಇಂದಿನ ಶಾಸ್ತ್ರೀಯ ಹೆಸರು ರಿಂಕೋಸ್ಟೈಲಿಸ್ ರೆಟೂಸ.

ಇಲ್ಲಿ ಹವ್ಯಾಸಿಗಳು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕುಲದ ಹೆಸರು ಬದಲಾಯಿತು, ಎರಡನೆಯ ಪದ ಉಳಿಯಿತು. 'ರೆಟೂಸಮ್' ಹೋಗಿ 'ರೆಟೂಸ' ಆದದ್ದು ಲ್ಯಾಟಿನ್ ವ್ಯಾಕರಣದ ಲಿಂಗವ್ಯತ್ಯಾಸ ಮಾತ್ರ. ಮದುವೆಯಾಗಿ ಬೇರೆ ಮನೆ ಸೇರಿದ ಹೆಣ್ಣಿನ ಮನೆತನದ ಹೆಸರು ಬದಲಾದರೂ ಅವಳ ಸ್ವಂತ ಹೆಸರು ಉಳಿದಂತೆ. ಗಿಡ ಕಳೆದುಹೋಯಿತೆಂದು ಗಾಬರಿಯಾದಾಗ ಈ ಎರಡನೆಯ ಪದವನ್ನು ಹಿಡಿದು ಹುಡುಕಿದರೆ ಹತ್ತರಲ್ಲಿ ಎಂಟು ಸಲ ಅದು ಸಿಗುತ್ತದೆ.

ವಾಂಡ ಎಂಬ ಹೆಸರಿನ ಕಥೆ ಇನ್ನೂ ಹತ್ತಿರದ್ದು. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ, ಏಷಿಯಾಟಿಕ್ ಸೊಸೈಟಿಯ ಸ್ಥಾಪಕ ಸರ್ ವಿಲಿಯಂ ಜೋನ್ಸ್ ಸಂಸ್ಕೃತದ 'ವಂದಾ' ಎಂಬ ಪದವನ್ನು ಎತ್ತಿಕೊಂಡ. ಆತ ತೀರಿಕೊಂಡ ಮರುವರ್ಷ, 1795ರಲ್ಲಿ, ಅದು ಅಚ್ಚಾಯಿತು. ಕನ್ನಡದ ಬಂದಳಿಕೆ, ಬದನಿಕೆಗಳಂತೆ ವಂದಾ ಎಂದರೂ ಮರದ ಮೇಲೆ ಬೆಳೆದು ಮರವನ್ನೇ ಹೀರುವ ಗಿಡ. ಆದರೆ ಆರ್ಕಿಡ್ ಮರವನ್ನು ಹೀರುವುದಿಲ್ಲ. ಆಸರೆಗೆ ಮಾತ್ರ ಅಪ್ಪಿಕೊಂಡು, ಗಾಳಿಯ ತೇವ ಮತ್ತು ಕೊಂಬೆಯ ಮೇಲೆ ಕೊಳೆತ ಎಲೆಗಳಿಂದ ಬದುಕುತ್ತದೆ. ಅಂದಮೇಲೆ ವಾಂಡ ಎಂಬುದೇ ತಪ್ಪು ಹೆಸರು. ಆದರೂ ಯಾರೂ ಅದನ್ನು ಬದಲಿಸಲಿಲ್ಲ, ಬದಲಿಸಲು ಬರುವುದೂ ಇಲ್ಲ. ಅರ್ಥ ಹೊಂದುವುದಿಲ್ಲ ಎಂಬ ಒಂದೇ ಕಾರಣಕ್ಕೆ ಹೆಸರನ್ನು ತಳ್ಳಿಹಾಕುವಂತಿಲ್ಲ ಎಂಬುದು ಸಸ್ಯನಾಮಗಳ ಅಂತರರಾಷ್ಟ್ರೀಯ ಸಂಹಿತೆಯ ಹಳೆಯ ನಿಯಮ. (ಆಫ್ರಿಕದ ಜನರನ್ನು ಹೀಯಾಳಿಸುವ 'ಕಾಫ್ರ' ಎಂಬ ಪದವನ್ನು 'ಆಫ್ರ' ಎಂದು ತಿದ್ದಲು 2024ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಸಸ್ಯಶಾಸ್ತ್ರ ಮಹಾಸಮ್ಮೇಳನ ಮತ ಹಾಕಿತು. ಅದು ಅಪರೂಪದ ವಿನಾಯಿತಿ.)

ಬಯಲುಸೀಮೆಯ ಹಳೆಯ ಮಾವಿನ ಮರಗಳ ಮೇಲೂ ಕಾಣಸಿಗುವ, ಕಂದು-ಹಳದಿ ಜಾಲರಿಯ ಹೂವಿನ ವಾಂಡವೊಂದಿದೆ. ಕೋರಮಂಡಲ ಕರಾವಳಿಯ ಸಸ್ಯಗಳನ್ನು ಕುರಿತು ಬರೆದ ವಿಲಿಯಂ ರಾಕ್ಸ್‌ಬರ್ಗ್ 1795ರಲ್ಲಿ ಅದಕ್ಕೆ 'ಎಪಿಡೆಂಡ್ರಮ್ ಟೆಸಲೇಟಮ್' ಎಂದು ಹೆಸರಿಟ್ಟ. ಚೌಕಳಿ ಚೌಕಳಿಯಾದದ್ದು ಎಂದರ್ಥ. 1820ರಲ್ಲಿ ಲಂಡನ್ನಿನ ರಾಬರ್ಟ್ ಬ್ರೌನ್ ವಾಂಡ ಕುಲವನ್ನು ವಿಧಿವತ್ತಾಗಿ ವಿವರಿಸಿ, ಇದೇ ಗಿಡಕ್ಕೆ ರಾಕ್ಸ್‌ಬರ್ಗ್‌ನ ಗೌರವಾರ್ಥ 'ವಾಂಡ ರಾಕ್ಸ್‌ಬರ್ಗಿ' ಎಂದ. (ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಕುಣಿತದಿಂದ ಭೌತವಿಜ್ಞಾನಿಗಳಿಗೂ ಪರಿಚಿತನಾದ ಬ್ರೌನ್ ಈತನೇ. ಜೀವಕೋಶದ ನಡುವಿನ ನ್ಯೂಕ್ಲಿಯಸ್‌ಗೆ ಆ ಹೆಸರು ಕೊಟ್ಟವನೂ ಈತನೇ, ಅದೂ ಆರ್ಕಿಡ್‌ಗಳನ್ನು ನೋಡುತ್ತಿದ್ದಾಗ.) ಗೌರವದ ಉದ್ದೇಶ ಒಳ್ಳೆಯದೇ. ಆದರೆ ನಿಯಮದ ಪ್ರಕಾರ ಹಳೆಯ ಪದಕ್ಕೆ ಮೊದಲ ಹಕ್ಕು. ಹೀಗಾಗಿ ರಾಕ್ಸ್‌ಬರ್ಗ್‌ನ ಹೆಸರು ಬಿದ್ದುಹೋಗಿ ರಾಕ್ಸ್‌ಬರ್ಗ್ ಕೊಟ್ಟ ಪದ ಉಳಿಯಿತು: ವಾಂಡ ಟೆಸಲೇಟ. ಹಳೆಯ ಔಷಧಿ ಗ್ರಂಥಗಳಲ್ಲಿ ಮಾತ್ರ ಇದು ಇನ್ನೂ ವಾಂಡ ರಾಕ್ಸ್‌ಬರ್ಗಿ. ಎರಡೂ ಒಂದೇ ಎಂದು ತಿಳಿಯದವನು ಒಂದೇ ಮದ್ದಿನ ಗಿಡವನ್ನು ಎರಡೆಂದು ಎಣಿಸುತ್ತಾನೆ.

ಎರಡು ಬಗೆಯ ಬದಲಾವಣೆ

ಈ ಉದಾಹರಣೆಗಳಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಹೆಣೆದುಕೊಂಡಿವೆ. ರಾಕ್ಸ್‌ಬರ್ಗಿ ಹೋಗಿ ಟೆಸಲೇಟ ಬಂದದ್ದು ನಿಯಮದ ಪ್ರಶ್ನೆ. ಯಾವುದು ಹಳೆಯದೆಂದು ದಾಖಲೆ ತೆಗೆದು ನೋಡಿದರೆ ಮುಗಿಯಿತು, ವಾದಕ್ಕೆ ಆಸ್ಪದವಿಲ್ಲ. ಎಪಿಡೆಂಡ್ರಮ್‌ನಿಂದ ರಿಂಕೋಸ್ಟೈಲಿಸ್‌ಗೆ ಹೋದದ್ದು ಹಾಗಲ್ಲ. ಅದು ಗಿಡದ ಬಂಧುಬಳಗ ಯಾವುದೆಂಬ ಅಭಿಪ್ರಾಯ. ಇಂದು ಬಾಲ್ಕನಿಯ ಹವ್ಯಾಸಿಯನ್ನು ಕಾಡುವ ಬದಲಾವಣೆಗಳಲ್ಲಿ ಬಹುಪಾಲು ಈ ಎರಡನೆಯ ಜಾತಿಯವು.

ಹಿಂದೆ ಹೂವಿನ ಆಕಾರ, ತುಟಿಯ ಚೀಲ, ಪರಾಗದ ಉಂಡೆಗಳ ಸಂಖ್ಯೆ ಇವನ್ನು ನೋಡಿ ಕುಲ ನಿರ್ಧರಿಸುತ್ತಿದ್ದರು. ಆರ್ಕಿಡ್‌ಗಳ ಹೂವು ತನ್ನ ಬಳಿ ಬರುವ ಕೀಟಕ್ಕೆ ತಕ್ಕಂತೆ ಬೇಗನೆ ರೂಪ ಬದಲಿಸುವುದರಿಂದ ಅಣ್ಣತಮ್ಮಂದಿರು ಅಪರಿಚಿತರಂತೆ ಕಾಣುವುದೂ, ಸಂಬಂಧವಿಲ್ಲದವರು ಅವಳಿಗಳಂತೆ ಕಾಣುವುದೂ ಉಂಟು. 1990ರ ದಶಕದಿಂದ ಡಿ.ಎನ್.ಎ. ಹೋಲಿಕೆ ಕೈಗೆ ಬಂದಮೇಲೆ ಹಳೆಯ ವಂಶವೃಕ್ಷಗಳು ಅಲುಗಾಡಿದವು. 1999ರಿಂದ 2014ರವರೆಗೆ ಆರು ಸಂಪುಟಗಳಲ್ಲಿ ಬಂದ 'ಜೆನೆರಾ ಆರ್ಕಿಡೇಸಿಯರಮ್' ಎಂಬ ಗ್ರಂಥ ಈ ಹೊಸ ಲೆಕ್ಕವನ್ನೆಲ್ಲ ಒಟ್ಟುಗೂಡಿಸಿತು. ಬ್ರೆಜಿಲ್‌ನ ಲೇಲಿಯಾಗಳು 2000ದಲ್ಲಿ ಸೊಫ್ರೊನೈಟಿಸ್ ಆಗಿ, 2008ರಲ್ಲಿ ಕ್ಯಾಟ್ಲಿಯ ಆದವು. ಎಂಟು ವರ್ಷದಲ್ಲಿ ಎರಡು ಸಲ ಚೀಟಿ ತಿದ್ದಿದ ಬೆಳೆಗಾರನ ಕೋಪ ಊಹಿಸಬಹುದು. ಅಸ್ಕೋಸೆಂಟ್ರಮ್ ಮತ್ತಿತರ ಸಣ್ಣ ಕುಲಗಳು 2012ರಲ್ಲಿ ವಾಂಡದಲ್ಲಿ ಲೀನವಾದವು. ಅಸ್ಕೋಸೆಂಟ್ರಮ್ ಮತ್ತು ವಾಂಡದ ಮಿಶ್ರಣವಾದ ಅಸ್ಕೋಸೆಂಡಕ್ಕೆ ಅಲ್ಲಿಗೆ ಅರ್ಥವೇ ಉಳಿಯಲಿಲ್ಲ. ವಾಂಡವನ್ನು ವಾಂಡಕ್ಕೆ ಕೂಡಿಸಿದರೆ ವಾಂಡವೇ.

ಆದರೆ ಅಭಿಪ್ರಾಯ ಎಂದಮೇಲೆ ಅದು ಹಿಂದಕ್ಕೂ ಹೋಗಬಹುದು. ಫಿಲಿಪ್ಪೀನ್ಸ್‌ನ ದೊಡ್ಡ ಹೂವಿನ ವಾಂಡ ಸಾಂಡೇರಿಯಾನ 1882ರಲ್ಲಿ ಆ ಹೆಸರು ಪಡೆಯಿತು. 1914ರಲ್ಲಿ ಜರ್ಮನಿಯ ಶ್ಲೆಕ್ಟರ್ ಅದನ್ನು 'ಯುಆಂತೆ' ಎಂಬ ಪ್ರತ್ಯೇಕ ಕುಲಕ್ಕೆ ಒಯ್ದ. ಸಸ್ಯಶಾಸ್ತ್ರದ ಪುಸ್ತಕಗಳು ಒಪ್ಪಿದರೂ ತಳಿಗಾರರು ಜಗ್ಗಲಿಲ್ಲ. ನೋಂದಣಿ ಪುಸ್ತಕದಲ್ಲಿ ಅದು ವಾಂಡವಾಗಿಯೇ ಉಳಿಯಿತು. ಕೊನೆಗೆ ಡಿ.ಎನ್.ಎ. ಹೇಳಿದ್ದೂ ವಾಂಡ ಎಂದೇ. ಪಶ್ಚಿಮ ಘಟ್ಟದ ಪುಟ್ಟ ಫಲೆನಾಪ್ಸಿಸ್ ಡೆಲಿಸಿಯೋಸ 1854ರಲ್ಲಿ ಫಲೆನಾಪ್ಸಿಸ್, 1970ರಲ್ಲಿ ಕಿಂಗಿಡಿಯಮ್, ಈಗ ಮತ್ತೆ ಫಲೆನಾಪ್ಸಿಸ್. ಮಧ್ಯೆ ಒಂದು ಚೀಟಿಯನ್ನು ಎಸೆದು ಇನ್ನೊಂದು ಬರೆದವನಿಗೆ ಲಾಭವೇನೂ ಆಗಲಿಲ್ಲ.

ಮರೆಯಬಾರದ ಮಾತೆಂದರೆ, ಯಾವ ವಿಂಗಡಣೆ ಒಪ್ಪಬೇಕೆಂದು ಸಂಹಿತೆ ಯಾರಿಗೂ ಅಪ್ಪಣೆ ಕೊಡುವುದಿಲ್ಲ. 'ಈ ವಿಂಗಡಣೆಯನ್ನು ಒಪ್ಪುವುದಾದರೆ ಹೆಸರು ಇದು' ಎಂದಷ್ಟೇ ಅದು ಹೇಳುತ್ತದೆ. ಆದ್ದರಿಂದ ಹಳೆಯ ಹೆಸರನ್ನು ಬರೆದವನು ಅಜ್ಞಾನಿಯಲ್ಲ, ಹೊಸ ಹೆಸರನ್ನು ಬರೆದವನು ಜಂಬಗಾರನೂ ಅಲ್ಲ. ಸಿಂಗಪುರವನ್ನೇ ನೋಡಿ. 1893ರಲ್ಲಿ ಪ್ರಕಟವಾದ, ಆಗ್ನೆಸ್ ಜೋಕಿಮ್ ಎಂಬಾಕೆಯ ಹೆಸರಿನ ಮಿಶ್ರತಳಿ 'ವಾಂಡ ಮಿಸ್ ಜೋಕಿಮ್' 1981ರಲ್ಲಿ ಅಲ್ಲಿನ ರಾಷ್ಟ್ರೀಯ ಪುಷ್ಪವಾಯಿತು. ಅದರ ತಾಯಿತಂದೆಗಳನ್ನು ಶ್ಲೆಕ್ಟರ್ 1915ರಲ್ಲೇ 'ಪ್ಯಾಪಿಲಿಯೋನಾಂತೆ' ಕುಲಕ್ಕೆ ಸೇರಿಸಿದ್ದ. 1974ರಲ್ಲಿ ಗಾರೆ ಆ ವಿಂಗಡಣೆಯನ್ನು ಮತ್ತೆ ಎತ್ತಿಹಿಡಿದ. ಶಾಸ್ತ್ರದ ಪ್ರಕಾರ ಅದೀಗ ಪ್ಯಾಪಿಲಿಯೋನಾಂತೆ ಮಿಸ್ ಜೋಕಿಮ್. ಸಿಂಗಪುರದ ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ವಾಂಡ.

ಮಿಶ್ರತಳಿಗಳ ಸಮಸ್ಯೆ ಇನ್ನೂ ಗಹನ. ಮನುಷ್ಯನ ಕೈಯಿಂದ ಹುಟ್ಟಿದ ಮೊದಲ ಆರ್ಕಿಡ್ ಮಿಶ್ರತಳಿ ಇಂಗ್ಲೆಂಡಿನ ವೀಚ್ ನರ್ಸರಿಯಲ್ಲಿ ಜಾನ್ ಡೊಮಿನಿ ಬೆಳೆಸಿ 1856ರಲ್ಲಿ ಹೂಬಿಟ್ಟ ಕ್ಯಾಲಾಂತೆ ಡೊಮಿನಿಯೈ. ಅದರ ಎರಡೂ ಪೋಷಕ ಗಿಡಗಳು ಪಶ್ಚಿಮ ಘಟ್ಟದಲ್ಲೂ ಇರುವ ಪ್ರಭೇದಗಳು. ಆಗಿನ ಹೆಸರು ಮಸೂಕ ಮತ್ತು ಫರ್ಕೇಟ. ಈಗ ಅವು ಸಿಲ್ವಾಟಿಕ ಮತ್ತು ಟ್ರಿಪ್ಲಿಕೇಟ. ಹಳೆಯ ಹೆಸರುಗಳ ಜಾಡು ಇಲ್ಲದಿದ್ದರೆ ಮಗುವಿನ ಹೆತ್ತವರು ಯಾರೆಂದೇ ತಿಳಿಯುತ್ತಿರಲಿಲ್ಲ. ಅದೃಷ್ಟಕ್ಕೆ ಈ ವಂಶಾವಳಿಯನ್ನು ಯಾರೋ ಬರೆದಿಡುತ್ತ ಬಂದಿದ್ದಾರೆ. ಮೊದಲು ಸಾಂಡರ್ ಎಂಬ ವ್ಯಾಪಾರಿ ಮನೆತನ, 1961ರಿಂದ ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ. ಕುಲಗಳ ಹೆಸರು ಬದಲಾದಾಗ ಈ ನೋಂದಣಿಯೂ ಬದಲಾಗುತ್ತದೆ, ಆದರೆ ತಳಿಗೆ ಇಟ್ಟ ಹೆಸರು ಅಳಿಯುವುದಿಲ್ಲ.

ಹಾಸನದ ಕಾಡಿನಿಂದ ಬೆಂಗಳೂರಿಗೆ

ಹೆಸರಿಡುವ ಈ ಕೆಲಸದಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ. 'ಹಸುರು ಹೊನ್ನು' ಬರೆದ ಬಿ.ಜಿ.ಎಲ್. ಸ್ವಾಮಿಯವರು ಸಸ್ಯವಿಜ್ಞಾನಿಗಳ ವಲಯದಲ್ಲಿ ಮೊದಲು ಹೆಸರಾದದ್ದು ಆರ್ಕಿಡ್‌ಗಳ ಭ್ರೂಣಶಾಸ್ತ್ರದಿಂದ. ನಾಮಕರಣದ ವಿಷಯದಲ್ಲಿ ನೆನೆಯಬೇಕಾದವರು ಸೇಂಟ್ ಜೋಸೆಫ್ಸ್ ಕಾಲೇಜಿನ ಪ್ರಾಧ್ಯಾಪಕ, ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಹಕಾರದಿಂದ ಅವರು ಹಾಸನ ಜಿಲ್ಲೆಯ ಗಿಡಮರಗಳನ್ನು ಸಮೀಕ್ಷೆ ಮಾಡಿದರು. ಡಾನ್ ನಿಕೊಲ್ಸನ್ ಅವರೊಡನೆ ಸಂಪಾದಿಸಿದ ಗ್ರಂಥ 1976ರಲ್ಲಿ ಹೊರಬಂತು. ಆ ಕೆಲಸದ ನಡುವೆ, 1974ರಲ್ಲಿ, ಸಲ್ಡಾನ ಒಂದು ಹೊಸ ಆರ್ಕಿಡ್ ಕುಲವನ್ನೇ ಸ್ಥಾಪಿಸಿ ಸಂಸ್ಥೆಯ ಸ್ಮರಣೆಗೆ 'ಸ್ಮಿತ್‌ಸೋನಿಯ' ಎಂದು ಹೆಸರಿಟ್ಟರು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಬೆಳೆಯದ ಪುಟ್ಟ ಗಿಡಗಳಿವು. ಅವುಗಳಲ್ಲಿ ಎರಡನ್ನು ಡಾಲ್ಜೆಲ್ ಎಂಬ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ 1851ರಷ್ಟು ಹಿಂದೆಯೇ 'ಮೈಕ್ರೊಪೆರ' ಎಂಬ ಕುಲದಲ್ಲಿಟ್ಟು ವರ್ಣಿಸಿದ್ದ. ಆತ ಕೊಟ್ಟಿದ್ದ 'ವಿರಿಡಿಫ್ಲೋರ', 'ಮ್ಯಾಕ್ಯುಲೇಟ' ಎಂಬ ಪದಗಳನ್ನು ಸಲ್ಡಾನ ಹಾಗೆಯೇ ಉಳಿಸಿಕೊಂಡರು, ಉಳಿಸಿಕೊಳ್ಳಲೇಬೇಕಿತ್ತು.

ಅದೇ 1974ರಲ್ಲಿ ಅವರು ಇನ್ನೊಂದು ಆರ್ಕಿಡ್ ಅನ್ನು 'ಫಲೆನಾಪ್ಸಿಸ್ ಮೈಸೊರೆನ್ಸಿಸ್' ಎಂದು ಕರೆದರು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ನಾಮಕರಣವಾದದ್ದು 1973ರ ನವೆಂಬರ್ 1ರಂದು. ರಾಜ್ಯ ಹೆಸರು ಬದಲಿಸಿಕೊಂಡ ಮೇಲೆ ಹಳೆಯ ಹೆಸರನ್ನು ಹೊತ್ತು ಹುಟ್ಟಿದ ಗಿಡ ಇದು! ಶಾಸನಸಭೆಯ ನಿರ್ಣಯ ಸಸ್ಯನಾಮಕ್ಕೆ ತಟ್ಟುವುದಿಲ್ಲ. ಮೈಸೊರೆನ್ಸಿಸ್ ಎಂಬ ಪದವನ್ನು ಕರ್ನಾಟಕದ ಹೆಸರಿಗೆ ತಿದ್ದಲು ಯಾರಿಗೂ ಅಧಿಕಾರವಿಲ್ಲ.

ಇಷ್ಟಾದ ಮೇಲೆ ಬಾಲ್ಕನಿಗೆ ಮರಳಬಹುದು. ಗಿಡದೊಂದಿಗೆ ಬಂದ ಚೀಟಿಯನ್ನು ಯಾವ ಕಾರಣಕ್ಕೂ ಕೀಳಬಾರದು. ಹೊಸ ಹೆಸರು ತಿಳಿದಾಗ ಬೇರೊಂದು ಚೀಟಿಯಲ್ಲಿ, ಅಥವಾ ಅದೇ ಚೀಟಿಯ ಬೆನ್ನಿನಲ್ಲಿ ಬರೆದು, ಹಳೆಯದನ್ನು ಆವರಣದಲ್ಲಿ ಉಳಿಸಿಕೊಂಡರಾಯಿತು. ಕಾಡುಗೋಡಿಯ ಫಲಕದಲ್ಲಿ ಮಾಡಿರುವುದು ಅದನ್ನೇ. ಬರೆಯಲು ಪೆನ್ಸಿಲ್ಲೇ ಒಳ್ಳೆಯದು. ಪೆನ್ನಿನ ಮಸಿ ಒಂದೆರಡು ಬೇಸಿಗೆಯಲ್ಲಿ ಬಿಸಿಲಿಗೆ ಬೆಳ್ಳಗಾಗುತ್ತದೆ. ಎಲ್ಲಿಂದ ಬಂತು, ಯಾವ ವರ್ಷ ಬಂತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಹೆಸರಿಗಿಂತಲೂ ಮುಖ್ಯ. ಹೆಸರನ್ನು ನಾಳೆ ತಜ್ಞರು ಹೂ ನೋಡಿ ಹೇಳಬಲ್ಲರು. ಗಿಡದ ಮೂಲವನ್ನು ಹೂ ಹೇಳುವುದಿಲ್ಲ. ಮಿಶ್ರತಳಿಯಾದರೆ ತಾಯಿತಂದೆಗಳ ಹೆಸರನ್ನೂ ಸೇರಿಸಬೇಕು, ಏಕೆಂದರೆ ಅದು ಹೋದರೆ ಮತ್ತೆ ಸಿಗುವ ಭರವಸೆಯಿಲ್ಲ. ಬಣ್ಣ ಮತ್ತು ಆಕಾರ ನೋಡಿ ಮಾಡುವ ಊಹೆ ಇಲ್ಲಿ ಅತ್ಯಂತ ಅಪಾಯಕಾರಿ.

ಚೀಟಿ ಕಳೆದ ಗಿಡಕ್ಕೆ ಚಿತ್ರಪುಟ ನೋಡಿ ಅಂದಾಜಿನ ಹೆಸರು ಕಟ್ಟುವವರು ಬಹಳ. 'ಹೆಸರು ತಿಳಿಯದು' ಎಂದು ಬರೆಯಲು ಸಂಕೋಚವೇಕೆ? ಅಂದಾಜಿನ ಹೆಸರು ಗೆಳೆಯರಿಗೆ ಕೊಟ್ಟ ಮರಿಗಿಡಗಳೊಂದಿಗೆ ಊರೆಲ್ಲ ಹರಡುತ್ತದೆ. ಮಲೆನಾಡಿನಲ್ಲಿ ಉದ್ದ ಗೊಂಚಲಿನ ಏರಿಡಿಸ್ ಹೂವನ್ನೂ ಸೀತಾಳೆ ದಂಡೆ ಎನ್ನುವುದುಂಟು. ಆಡುಮಾತಿಗೆ ಅದು ಸಾಕು, ಚೀಟಿಗೆ ಸಾಲದು. ಹೊಸ ಹೆಸರು ಅಚ್ಚಾದ ಮರುದಿನವೇ ಬುಟ್ಟಿಗಳನ್ನೆಲ್ಲ ತಿದ್ದಲು ಕೂರುವ ಅಗತ್ಯವೂ ಇಲ್ಲ. ನೋಂದಣಿ ಪುಸ್ತಕವೂ, ಬ್ರಿಟನ್ನಿನ ಕ್ಯೂ ಉದ್ಯಾನದ ಸಸ್ಯನಾಮ ಪಟ್ಟಿಯೂ ಒಪ್ಪಿ ಒಂದೆರಡು ವರ್ಷ ಕಳೆದ ಮೇಲೆ ಬರೆದರೂ ಗಿಡ ಬೇಸರಿಸುವುದಿಲ್ಲ. ಪ್ರದರ್ಶನಕ್ಕೆ ಒಯ್ಯುವವರು ಮಾತ್ರ ಸಂಘಟಕರು ಅನುಸರಿಸುವ ಪಟ್ಟಿ ಯಾವುದೆಂದು ಮೊದಲೇ ಕೇಳಿಕೊಳ್ಳಬೇಕು.

ಒಂದು ಕಡೆ ಮಾತ್ರ ಈ ಉದಾಸೀನ ಸಲ್ಲದು. ಆರ್ಕಿಡ್‌ಗಳೆಲ್ಲವೂ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ವ್ಯಾಪ್ತಿಗ���ೆ ಬರುತ್ತವೆ. ವಿದೇಶದಿಂದ ಗಿಡ ತರಿಸುವಾಗ ಪರವಾನಗಿಯಲ್ಲಿರುವ ಹೆಸರಿಗೂ ಗಿಡದ ಚೀಟಿಗೂ ಹೊಂದಾಣಿಕೆ ಬೇಕು. ದಕ್ಷಿಣ ಭಾರತದ ಅಗಸ್ತ್ಯಮಲೆ ಸೀಮೆಯ ಪ್ಯಾಫಿಯೋಪೆಡಿಲಮ್ ಡ್ರೂರಿಯೈ ಹಳೆಯ ಪುಸ್ತಕಗಳಲ್ಲಿ 'ಸಿಪ್ರಿಪೀಡಿಯಮ್ ಡ್ರೂರಿಯೈ'. ಹೆಸರು ಹಳೆಯದಾದ ಮಾತ್ರಕ್ಕೆ ಕಾನೂನು ಅದನ್ನು ಬೇರೆ ಗಿಡವೆಂದು ಭಾವಿಸುವುದಿಲ್ಲ.

ವೃತ್ತಿಪರ ಸಸ್ಯಶಾಸ್ತ್ರಜ್ಞರು ಅನುಸರಿಸುವ ಪದ್ಧತಿಯನ್ನು ನೋಡಬೇಕೆಂದರೆ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಸಲ್ಡಾನ ಮತ್ತವರ ಸಂಗಡಿಗರು ಕೂಡಿಸಿದ ಒಣಗಿದ ಸಸ್ಯಗಳ ಸಂಗ್ರಹ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಇಂಥ ಸಂಗ್ರಹಗಳಲ್ಲಿ ದಪ್ಪ ಹಾಳೆಗೆ ಅಂಟಿಸಿದ ಗಿಡದ ಮೂಲೆಯಲ್ಲಿ ಸಂಗ್ರಹಿಸಿದವನ ಚೀಟಿ ಇರುತ್ತದೆ. ಮುಂದೆ ಬಂದ ತಜ್ಞ ಬೇರೆ ಹೆಸರು ನಿರ್ಣಯಿಸಿದರೆ ಹಳೆಯದನ್ನು ಮುಟ್ಟದೆ, ಪಕ್ಕದಲ್ಲಿ ತನ್ನ ಹೆಸರು ಮತ್ತು ವರ್ಷವಿರುವ ಇನ್ನೊಂದು ಚೀಟಿ ಅಂಟಿಸುತ್ತಾನೆ. ನಾಲ್ಕೈದು ಚೀಟಿಗಳಾದ ಹಾಳೆಗಳೂ ಉಂಟು. ಅಂದಹಾಗೆ ಆ ಸಂಗ್ರಹಕ್ಕೆ ಜಾಗತಿಕ ಪಟ್ಟಿಯಲ್ಲಿರುವ ಸಂಕೇತ 'ಜೆ.ಸಿ.ಬಿ.'. ವೈಟ್‌ಫೀಲ್ಡ್‌ನಲ್ಲಿ ಆ ಮೂರು ಅಕ್ಷರಕ್ಕೆ ಮಣ್ಣು ಅಗೆಯುವ ಹಳದಿ ಯಂತ್ರವೆಂದೇ ಅರ್ಥ. ಇಲ್ಲಿ ಅದು ಜೋಸೆಫ್ಸ್ ಕಾಲೇಜು, ಬೆಂಗಳೂರು. ಹಾಳೆಗಳು ಕಾಲೇಜಿನಿಂದ ವಿಜ್ಞಾನ ಸಂಸ್ಥೆಗೆ ಹೋದ ಮೇಲೂ ಸಂಕೇತವನ್ನು ಯಾರೂ ಬದಲಿಸಿಲ್ಲ.